ಒಂದು ರಿಂಗು, ಎರಡು ರಿಂಗು

ಕಿವಿ ಕೇಳದವನು ರೇಡಿಯೋ ರಿಪೇರಿ ಮಾಡುತ್ತಾನೆ ಎಂದರೆ ಯಾರಿಗಾದರೂ ನಗು ಬರಬೇಕಾದದ್ದೇ. ಬೀದಿಯವರು ನಕ್ಕಿದ್ದೂ ಆಯಿತು, ನಕ್ಕು ಸಾಕಾಗಿ ತಮ್ಮ ತಮ್ಮ ಕೆಟ್ಟ ರೇಡಿಯೋಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಅವನ ಮೆಟ್ಟಿಲು ಹತ್ತಿದ್ದೂ ಆಯಿತು. ಸುತ್ತಮುತ್ತ ಅವನಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವವರು ಇನ್ನೊಬ್ಬರಿರಲಿಲ್ಲ. ಆರು ವರ್ಷದ ಹಿಂದೆ ಬಂದ ಒಂದು ಜ್ವರ ಹೋಗುವಾಗ ಎರಡೂ ಕಿವಿಗಳನ್ನು ಜೊತೆಗೆ ಕರೆದುಕೊಂಡು ಹೋಗಿತ್ತು. ಪುಣ್ಯಕ್ಕೆ ಕಣ್ಣನ್ನು ಉಳಿಸಿತ್ತು, ಕೈಯನ್ನು ಉಳಿಸಿತ್ತು, ಅಕ್ಕನನ್ನು ಉಳಿಸಿತ್ತು.

ಅಕ್ಕ ಅವನಿಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ಅಮ್ಮ ತೀರಿಹೋದಾಗ ಅವನಿಗೆ ನಾಲ್ಕು. ಅವತ್ತಿನಿಂದ ಹೊಲಿಗೆ ಮಷಿನ್ನು ತುಳಿದು ಅವನನ್ನು ಸಾಕಿದವಳು, ಸಾಕುತ್ತಾ ಸಾಕುತ್ತಾ ಮದುವೆಯಾಗುವುದನ್ನೇ ಮರೆತವಳು. ಅವನೂ ಆಗಲಿಲ್ಲ, ಅವನದು ಮರೆವಲ್ಲ, ಬರೀ ಸೋಮಾರಿತನ ಎಂದು ಅಕ್ಕ ಹೇಳುತ್ತಿದ್ದಳು. ಈಗ ಅವನಿಗೆ ಐವತ್ತೆರಡು. ಆರಡಿ ಎತ್ತರ, ತಲೆ ಪೂರ್ತಿ ಬೋಳು. ಆದರೂ ಅವಳ ಬಾಯಲ್ಲಿ ಇನ್ನೂ ಪುಟ್ಟ. ಬೀದಿಯೂ ಅದನ್ನೇ ಹಿಡಿದುಕೊಂಡಿತ್ತು.

ಇದ್ದದ್ದು ಮಹಡಿಯ ಮೇಲೊಂದು ದೊಡ್ಡ ಕೋಣೆ. ಕಿಟಕಿ ಬದಿಗೆ ಅಕ್ಕನ ಹೊಲಿಗೆ ಮಷಿನ್ನು, ಗೋಡೆ ಬದಿಗೆ ಪುಟ್ಟನ ಬೆಂಚು. ಸೆಟ್ಟು ಬಿಚ್ಚಿ, ಕಡ್ಡಿ ಕಾಯಿಸಿ, ಬೆಸುಗೆ ಹಾಕಿ, ಗುಂಡಿ ತಿರುಗಿಸಿ ಅವನು ಅಕ್ಕನ ತುಟಿಯ ಕಡೆ ನೋಡುತ್ತಿದ್ದ. ಅವಳು ಮಷಿನ್ನು ನಿಲ್ಲಿಸಿ ಕಿವಿಗೊಡುವಳು.

"ಗುಂಯ್ ಅಂತಿದೆ ಕಣೋ."

ಗುಂಯ್ ಅಂದರೆ ಫಿಲ್ಟರ್ ಕಂಡೆನ್ಸರ್ ಹೋಗಿದೆ. ಚರಚರ ಅಂದರೆ ವಾಲ್ಯೂಮ್ ಗುಂಡಿಯಲ್ಲಿ ಧೂಳು. ಗೊರಗೊರ ಅಂದರೆ ಸ್ಪೀಕರಿನ ಕಾಗದ ಹರಿದಿದೆ. "ನಾಯಿಮರಿನ ಕೋಣೇಲಿ ಕೂಡಿಹಾಕ್ದಂಗೆ ಕುಂಯ್‌ಗುಟ್ತಿದೆ" ಎಂದರೆ ಒಳಗಿನ ತಂತಿಸುರುಳಿ ಮತ್ತೆ ಹೊಂದಿಸಬೇಕು. ರೇಡಿಯೋದೊಳಗೆ ಏನಿದೆ ಎಂದು ಅಕ್ಕ ಒಂದು ದಿನವೂ ಇಣುಕಿದವಳಲ್ಲ. ಆದರೆ ಅವಳು ಒಂದು ಮಾತು ಹೇಳಿದರೆ ಕೆಟ್ಟ ಭಾಗಕ್ಕೆ ಬೆರಳಿಟ್ಟು ತೋರಿಸಿದ ಹಾಗೆ. ಈ ವಿದ್ಯೆಗೆ ಪುಸ್ತಕವಿಲ್ಲ. ಆ ಕೋಣೆಯಲ್ಲಿ ಹುಟ್ಟಿದ್ದು, ಆ ಇಬ್ಬರಿಗೇ ಗೊತ್ತಿದ್ದದ್ದು.

ಇನ್ನೊಂದಿತ್ತು. ತನ್ನ ಗಂಟಲು ಎಷ್ಟು ದೊಡ್ಡದಾಗಿದೆ ಎಂದು ಪುಟ್ಟನಿಗೆ ತಿಳಿಯುತ್ತಿರಲಿಲ್ಲ. ಗಿರಾಕಿಗೆ "ನಾಳೆ ಬನ್ನಿ" ಎಂದು ಮೆಲ್ಲಗೆ ಹೇಳಿದೆನೆಂದು ಅವನು ಅಂದುಕೊಂಡರೆ, ಗಿರಾಕಿ ಎರಡು ಮೆಟ್ಟಿಲು ಹಿಂದಕ್ಕೆ ಹಾರಿರುತ್ತಿದ್ದ. ಆಗ ಗಿರಾಕಿಯ ಬೆನ್ನ ಹಿಂದಿನಿಂದ ಅಕ್ಕ ಕೈಯೆತ್ತಿ, ಹೆಬ್ಬೆರಳು ತೋರುಬೆರಳು ಸೇರಿಸಿ, ಗಾಳಿಯಲ್ಲಿ ಇಲ್ಲದ ಗುಂಡಿಯೊಂದನ್ನು ಎಡಕ್ಕೆ ತಿರುಗಿಸುವಳು. ಪುಟ್ಟ ದನಿ ತಗ್ಗಿಸುವನು. ತೀರಾ ತಗ್ಗಿದರೆ ಬಲಕ್ಕೆ ಒಂದಿಷ್ಟು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಎಲ್ಲಿ ಹೋದರೂ ಅವನ ವಾಲ್ಯೂಮು ಅವಳ ಎರಡು ಬೆರಳಲ್ಲಿತ್ತು.

ಆ ಅಕ್ಕನಿಗೆ ಕೆಮ್ಮು ಹಿಡಿಯಿತು. ನಲವತ್ತೆಂಟು ವರ್ಷ ಮೂಗಿಗೆ ಹೋದ ಬಟ್ಟೆಯ ಜುಂಗೋ ಏನೋ, ಡಾಕ್ಟರು ಪುಪ್ಪುಸದ ಫೋಟೋವನ್ನು ಬೆಳಕಿಗೆ ಹಿಡಿದು ತುಟಿ ಪಿಟಕ್ಕೆನ್ನದೆ ನಿಂತರು. ಅವರು ಮಾತಾಡಿದ್ದರೆ ಪುಟ್ಟ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದ. ಬಸ್ಸಿನಲ್ಲಿ ನಾಲ್ಕು ಗಂಟೆ ದೂರದ ದೊಡ್ಡ ಆಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಹೆಂಗಸರ ವಾರ್ಡು. ಗಂಡಸರು ಭಾನುವಾರ ಮಾತ್ರ, ಅದೂ ಮೂರರಿಂದ ಐದರವರೆಗೆ.

"ದಿನಾ ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡ್ತೀನಿ" ಎಂದಳು ಅಕ್ಕ, ಬಟ್ಟೆ ಗಂಟು ಕಟ್ಟುತ್ತಾ.

"ಮಾಡಿ? ನಾನೇನು ಅದರ ಮುಂದೆ ಕೂತ್ಕೊಂಡು ಮುಖ ನೋಡ್ಲಾ?"

"ಊರಿನ ರೇಡಿಯೋ ಎಲ್ಲ ರಿಪೇರಿ ಮಾಡ್ತೀಯ, ಫೋನ್ ಹೊಡೆದ್ರೆ ಒಂದು ದೀಪ ಹತ್ತೋ ಹಾಗೆ ಮಾಡೋಕಾಗಲ್ವಾ? ಒಂದು ಸಲ ಹೊಡೆದು ನಿಂತ್ರೆ ಚೆನ್ನಾಗಿದ್ದೀನಿ ಅಂತ. ಎರಡು ಸಲ ಹೊಡೆದು ನಿಂತ್ರೆ ಹೊರಟು ಬಾ ಅಂತ."

"ಮೂರು ಸಲ ಹೊಡೆದ್ರೆ?"

"ರಾಂಗ್ ನಂಬರ್ರು. ನೀನು ನಿನ್ನ ಕೆಲಸ ನೋಡ್ಕೋ."

ಪುಟ್ಟ ಎರಡು ದಿನದಲ್ಲಿ ಅದನ್ನು ಕಟ್ಟಿದ. ಫೋನು ಹೊಡೆಯುವಾಗ ಮಾತ್ರ ಅದರ ಎರಡು ತಂತಿಗಳಲ್ಲಿ ಜೋರು ಕರೆಂಟು ಬರುತ್ತದೆ. ಉಳಿದ ಹೊತ್ತು ಅದು ಸಾಧು ಪ್ರಾಣಿ. ಆ ಜೋರು ಕರೆಂಟಿಗೆ ಒಂದು ಪುಟಾಣಿ ನಿಯಾನ್ ಬಲ್ಬು ಕಟ್ಟಿದ, ಟೆಸ್ಟರಿನ ಹಿಡಿಯೊಳಗೆ ಕೆಂಪಗೆ ಮಿನುಗುತ್ತದಲ್ಲ, ಅಂಥದ್ದು. ಅದರ ಎದುರಿಗೆ, ಬೆಳಕು ಬಿದ್ದರೆ ಎಚ್ಚರವಾಗುವ ಒಂದು ಸಣ್ಣ ಬಿಲ್ಲೆ. ಎರಡನ್ನೂ ಮುಖಾಮುಖಿ ಕೂರಿಸಿ ಹಳೆಯ ಪೆನ್ನಿನ ಕ್ಯಾಪಿನೊಳಗೆ ತುರುಕಿ, ಹೊರಗಿನ ಬೆಳಕು ನುಸುಳದಂತೆ ಅಕ್ಕನ ಕಪ್ಪು ದಾರ ಸುತ್ತಿದ. ಬಿಲ್ಲೆ ಎದ್ದರೆ ಟ್ರಾನ್ಸಿಸ್ಟರು ಏಳುತ್ತದೆ, ಟ್ರಾನ್ಸಿಸ್ಟರು ಎದ್ದರೆ ರಿಲೇ ಎಂಬ ಸ್ವಿಚ್ಚು ಕಚ್ಚಿಕೊಳ್ಳುತ್ತದೆ, ರಿಲೇ ಕಚ್ಚಿಕೊಂಡರೆ ಗೋಡೆಯ ಮೇಲಿನ ಅರವತ್ತು ವ್ಯಾಟಿನ ಬಲ್ಬು ಹತ್ತುತ್ತದೆ. ಇಷ್ಟೇ. ಎಲ್ಲವೂ ಒಂದು ಬಿಸ್ಕತ್ತಿನ ಡಬ್ಬದೊಳಗೆ ಹಿಡಿಸಿತು.

ಹದಿನಾರು ದಿನ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಬಲ್ಬು ಒಂದು ಸಲ ಹತ್ತಿ ಆರಿತು. ಅದು ಆರಿದ ಮೇಲೆಯೇ ಪುಟ್ಟ ಚಹಾಕ್ಕೆ ನೀರಿಡುತ್ತಿದ್ದ. "ಆಯ್ತಕ್ಕಾ" ಎಂದು ಬಲ್ಬಿಗೆ ಹೇಳುತ್ತಿದ್ದ. ಕೆಳಗಿನ ಕ್ಷೌರದಂಗಡಿಯವನಿಗೆ ಆ ಕೂಗು ಕೇಳಿಸಿದಾಗ ಎಂಟು ಗಂಟೆ ಎಂದು ಲೆಕ್ಕ. ಅವನು ಬಾಗಿಲು ತೆರೆಯುವುದೇ ಆ ಕೂಗಿಗೆ.

ಹದಿನೇಳನೆಯ ದಿನ, ಸೋಮವಾರ, ಬಲ್ಬು ಎರಡು ಸಲ ಹತ್ತಿತು.

ಪುಟ್ಟ ಬೇರೆ ಬೇರೆ ಜೋಡಿಯ ಚಪ್ಪಲಿ ಮೆಟ್ಟಿಕೊಂಡು ಓಡಿ ಒಂಬತ್ತರ ಬಸ್ಸು ಹಿಡಿದ. ಮಧ್ಯಾಹ್ನ ಆಸ್ಪತ್ರೆಯ ಗೇಟಿನಲ್ಲಿ ವಾಚ್‌ಮನ್ನು ಅಡ್ಡ ನಿಂತು ಗೋಡೆಯ ಮೇಲಿನ "ಭಾನುವಾರ" ಎಂಬ ಅಕ್ಷರಗಳನ್ನು ತೋರಿಸಿದ. ಪುಟ್ಟ ಕೈ ಮುಗಿದು, ಗೋಗರೆದು, ಕೊನೆಗೆ ಅವನ ಕಂಕುಳ ಕೆಳಗೆ ನುಗ್ಗಿ ವಾರ್ಡಿಗೆ ಬಂದರೆ, ಅಕ್ಕ ದಿಂಬಿಗೆ ಒರಗಿ ಕೂತು ಹಾಲಿನಲ್ಲಿ ಬ್ರೆಡ್ಡು ಅದ್ದಿ ತಿನ್ನುತ್ತಿದ್ದಾಳೆ.

"ಏನೋ? ಸತ್ತೋದೆ ಅಂದ್ಕೊಂಡ್ಯಾ?"

"ಎರಡು ಹೊಡೀತು!"

"ನಾನು ಹೊಡೆದಿದ್ದು ಒಂದು. ನಿನ್ನ ಡಬ್ಬಕ್ಕೆ ಲೆಕ್ಕ ಬರಲ್ಲ."

"ಎರಡು ಸಲ ಹತ್ತಿತು ಅಕ್ಕಾ, ನನ್ನ ಕಣ್ಣಾರೆ ನೋಡ್ದೆ!"

ಇಪ್ಪತ್ತು ಮಂಚದ ಹೆಂಗಸರೂ ಅವನ ಕಡೆ ತಿರುಗಿ ನಗುತ್ತಿದ್ದರು. ಅಕ್ಕನ ಬೆರಳು ಗಾಳಿಯಲ್ಲಿ ಎಡಕ್ಕೆ ತಿರುಗಿತು, ಇನ್ನಷ್ಟು ತಿರುಗಿತು. ಅವನ ಕಾಲಿನ ಚಪ್ಪಲಿ ಕಂಡು ಅವಳೂ ನಕ್ಕಳು, ನಕ್ಕು ಕೆಮ್ಮಿದಳು, ಕೆಮ್ಮಿ ಸಿಟ್ಟಾದಳು.

"ಇನ್ನೊಂದು ಸಲ ಹಿಂಗೆ ಸುಮ್‌ಸುಮ್ನೆ ಓಡಿ ಬಂದ್ರೆ ಮಾತಾಡ್ಸಲ್ಲ ನೋಡು. ಎಲ್ಲರೆದುರಿಗೆ ಮಾನ ಕಳೀತೀಯ. ಮೊದಲು ನಿನ್ನ ಸೆಟ್ಟು ಸರಿ ಮಾಡ್ಕೋ ಹೋಗು."

ಇದು ಬೈಗುಳವೇ ಅಲ್ಲ. ಐವತ್ತು ವರ್ಷ ದಿನಕ್ಕೆ ಹತ್ತು ಸಲ ಬೈಸಿಕೊಂಡವನಿಗೆ ಇದು ತಲೆ ಸವರಿದಷ್ಟು. ಆದರೂ ನೆನಪಿಡಿ, ಅಕ್ಕ ಹಾಗೆಂದಳು.

ಮನೆಗೆ ಬಂದು ನೋಡಿದರೆ ಕಾರಣ ಕಣ್ಣೆದುರಿಗೇ ಇತ್ತು. ರಸ್ತೆಯಾಚೆಯ ವೆಲ್ಡಿಂಗ್ ಅಂಗಡಿಯವನು ಹೊಸ ಮಷಿನ್ನು ತಂದಿದ್ದ. ಅವನು ಕಡ್ಡಿ ಮುಟ್ಟಿಸಿ ಕಿಡಿ ಹಾರಿಸಿದಾಗಲೆಲ್ಲ ಬಲ್ಬು ಚಕ್ಕನೆ ಮಿನುಗುತ್ತಿತ್ತು. ಅಕ್ಕನದು ಒಂದು, ಕಿಡಿಯದು ಒಂದು, ಒಟ್ಟು ಎರಡು.

ಕಿಡಿ ಕಣ್ಣು ಮಿಟುಕಿಸುವಷ್ಟು ಹೊತ್ತಿನದು, ರಿಂಗು ಎರಡು ಸೆಕೆಂಡಿನದು. ಗಿಡ್ಡನೆಯದನ್ನು ನುಂಗಿ ಉದ್ದನೆಯದನ್ನು ಬಿಡುವುದೊಂದು ನಡುವೆ ಬೇಕು. ಟ್ರಾನ್ಸಿಸ್ಟರಿನ ಬಾಯಿಗೆ ಒಂದು ಕಂಡೆನ್ಸರ್ ಕಟ್ಟಿದರಾಯಿತು. ಕಂಡೆನ್ಸರ್ ಎಂದರೆ ಕರೆಂಟಿನ ಕೊಡ. ತುಂಬುವವರೆಗೆ ಮುಂದಕ್ಕೆ ಬಿಡುವುದಿಲ್ಲ. ಕಿಡಿಗೆ ಅದು ತುಂಬುವುದಿಲ್ಲ, ರಿಂಗಿಗೆ ತುಂಬುತ್ತದೆ. ಚಿಕ್ಕ ಕೊಡವೇ ಸಾಕಾಗಿತ್ತು. ಆದರೆ ಪುಟ್ಟನಿಗೆ ಇಪ್ಪತ್ತು ಹೆಂಗಸರ ಹಲ್ಲು ಕಣ್ಣಿಗೆ ಕಟ್ಟಿತ್ತು, ಅಕ್ಕನ "ಮಾನ ಕಳೀತೀಯ" ಮನಸ್ಸಿಗೆ ಹತ್ತಿತ್ತು. ಇನ್ನು ಸಾಯುವತನಕ ಸುಳ್ಳು ದೀಪ ಹತ್ತಕೂಡದು ಎಂದು ಬಿಡಿಭಾಗದ ಡಬ್ಬಿಯಲ್ಲಿ ಹುಡುಕಿ ಹತ್ತರಷ್ಟು ದೊಡ್ಡದೊಂದನ್ನು ತೆಗೆದು ಬೆಸುಗೆ ಹಾಕಿದ. ವೆಲ್ಡಿಂಗಿನವನು ಕಿಡಿ ಹಾರಿಸಿದ. ಬಲ್ಬು ತೆಪ್ಪಗಿತ್ತು.

ಕ್ಷೌರದಂಗಡಿಯವನನ್ನು ಎದುರಿನ ಫೋನ್ ಬೂತಿಗೆ ಅಟ್ಟಿ ನಂಬರು ಒತ್ತಿಸಿದ. ಕಿಟಕಿಗೆ ಬೆನ್ನು ಹಾಕಿ ಬಲ್ಬು ನೋಡುತ್ತಾ ನಿಂತ. ಹತ್ತಿತು, ಆರಿತು, ಹತ್ತಿತು, ಆರಿತು.

"ಬಂತಾ ಅಣ್ಣಾ?" ಎಂದ ಕ್ಷೌರದವನು ಏದುಸಿರು ಬಿಡುತ್ತಾ ಮೇಲೆ ಬಂದು.

"ಬಂತು! ಬಂತು!"

ಕ್ಷೌರದವನು ಕಿವಿ ಮುಚ್ಚಿಕೊಂಡ. ಪುಟ್ಟ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಮಂಗಳವಾರ ಎಂಟಕ್ಕೆ ಬಲ್ಬು ಒಂದು ಸಲ ಹತ್ತಿ ಆರಿತು. ಪುಟ್ಟ ಇನ್ನೂ ಎರಡು ನಿಮಿಷ ನಿಂತ. ಇಲ್ಲ, ಒಂದೇ. "ಆಯ್ತಕ್ಕಾ" ಎಂದು ಕೂಗಿ ನೀರಿಟ್ಟ. ಅವತ್ತು ಮೂರು ಸೆಟ್ಟು ಮುಗಿಸಿದ.

ಬುಧವಾರವೂ ಒಂದೇ. ಆ ಬೆಳಿಗ್ಗೆ ಅವನಿಗೆ ಎಷ್ಟು ಹುರುಪು ಬಂತೆಂದರೆ ಕೆಳಗಿಳಿದು ಕ್ಷೌರದವನಿಗೂ ವೆಲ್ಡಿಂಗಿನವನಿಗೂ ಚಹಾ ತರಿಸಿಕೊಟ್ಟ. ಡಬ್ಬದ ವಿಚಾರ ಇಬ್ಬರಿಗೂ ವಿವರಿಸಿದ. ಕೊಡ ತುಂಬುವುದು, ನುಂಗುವುದು, ಎಲ್ಲ. ಅವರಿಗೆ ತಲೆಬುಡ ಗೊತ್ತಾಗದಿದ್ದರೂ ತಲೆಯಾಡಿಸಿದರು. ಭಾನುವಾರ ಅಕ್ಕನಿಗೂ ಹೇಳಬೇಕು ಎಂದುಕೊಂಡ. "ನಿನ್ನ ಡಬ್ಬಕ್ಕೆ ಈಗ ಲೆಕ್ಕ ಬಂತೇನೋ?" ಎನ್ನುತ್ತಾಳೆ ಎಂದು ಊಹಿಸಿ ಒಬ್ಬನೇ ನಕ್ಕ.

ಗುರುವಾರ ಎಂಟಕ್ಕೆ ಬಲ್ಬು ಹತ್ತಲಿಲ್ಲ.

ಎಂಟೂ ಐದಾಯಿತು, ಎಂಟೂಕಾಲಾಯಿತು. ಪುಟ್ಟ ಫೋನಿನ ಮೇಲೆ ಅಂಗೈ ಇಟ್ಟುಕೊಂಡು ಕುಳಿತ. ಹೊಡೆದರೆ ಕೈಗಾದರೂ ನಡುಕ ತಿಳಿದೀತು. ಏನೂ ಇಲ್ಲ. ವಾರ್ಡಿನ ಫೋನು ಕೆಟ್ಟಿರಬಹುದು ಎಂದುಕೊಂಡ. ಅಕ್ಕ ಎದ್ದಿರಲಿಕ್ಕಿಲ್ಲ ಎಂದುಕೊಂಡ. ಆಮೇಲೆ ಕಸುಬುದಾರನ ಬುದ್ಧಿ ಎಚ್ಚೆತ್ತುಕೊಂಡು, ಮೊದಲು ನಿನ್ನ ಸೆಟ್ಟು ನೋಡ್ಕೋ ಎಂದಿತು. ಕೆಳಗೆ ಇಳಿದು, ಕೂಗಿಗೆ ಕಾದು ಸಾಕಾಗಿ ಅಂಗಡಿ ತೆರೆದಿದ್ದ ಕ್ಷೌರದವನ ಕೈಯ ಕತ್ತರಿ ಕಿತ್ತಿಟ್ಟು, ಅರ್ಧ ಕತ್ತರಿಸಿಕೊಂಡ ತಲೆಯ ಗಿರಾಕಿಯನ್ನು ಕುರ್ಚಿಯಲ್ಲೇ ಬಿಡಿಸಿ, ಬೂತಿಗೆ ಕಳಿಸಿದ.

"ಒಂದೊಂದು ರಿಂಗಿಗೂ ಒಂದೊಂದು ಬೆರಳು ಎತ್ತು. ನಾನು ಕಿಟಕೀಲಿ ನೋಡ್ತಿರ್ತೀನಿ. ಎರಡಾದ ಮೇಲೆ ಇಟ್ಬಿಡು."

ಕ್ಷೌರದವನು ಬೂತಿನ ಗಾಜಿನೊಳಗೆ ನಿಂತು ನಂಬರು ಒತ್ತಿದ. ಒಂದು ಬೆರಳೆತ್ತಿದ. ಪುಟ್ಟ ಬಲ್ಬಿನ ಕಡೆ ತಿರುಗಿದ. ಕತ್ತಲೆ.

ಕ್ಷೌರದವನು ಎರಡನೆಯ ಬೆರಳೆತ್ತಿದ. ಬಲ್ಬು ಹತ್ತಿ ಆರಿತು. ಕ್ಷೌರದವನು ಫೋನಿಟ್ಟು, ಕಿಟಕಿಯಲ್ಲಿ ಬೆಳಕು ಕಂಡ ಖುಷಿಗೆ ಹೆಬ್ಬೆರಳು ತೋರಿಸಿ ನಕ್ಕ.

ಪುಟ್ಟ ಕಿಟಕಿಯ ಸರಳು ಹಿಡಿದುಕೊಂಡ. ಕೊಡ ದೊಡ್ಡದಾಗಿತ್ತು, ಅಷ್ಟೇ. ಮೊದಲ ರಿಂಗು ಪೂರ್ತಿ ಅದನ್ನು ತುಂಬುವುದಕ್ಕೇ ಹೋಗುತ್ತಿತ್ತು; ಎರಡನೆಯದು ಮಾತ್ರ ಬಲ್ಬಿಗೆ ತಲುಪುತ್ತಿತ್ತು. ಒಂದು ಹೊಡೆದರೆ ದೀಪವಿಲ್ಲ. ಎರಡು ಹೊಡೆದರೆ ಒಂದು ದೀಪ. ಸೋಮವಾರ ಕ್ಷೌರದವನು ಮೂರು ಹೊಡೆಸಿರಬೇಕು, ಎಣಿಸಿದವರಿರಲಿಲ್ಲ. ಮಂಗಳವಾರ ಅಕ್ಕ ಎರಡು ಹೊಡೆದಿದ್ದಳು. ಹೊರಟು ಬಾ ಅಂದಿದ್ದಳು. ಅವನು ಚಹಾಕ್ಕೆ ನೀರಿಟ್ಟಿದ್ದ. ಬುಧವಾರ ಮತ್ತೆ ಬಾ ಅಂದಿದ್ದಳು. ಅವನು ಬೀದಿಗೆಲ್ಲ ಚಹಾ ಕುಡಿಸಿದ್ದ.

ಮತ್ತೆ ಇವತ್ತು? ಒಂದು ಹೊಡೆದು ಚೆನ್ನಾಗಿದ್ದೀನಿ ಅಂದಳೋ, ಹೊಡೆಯಲೇ ಇಲ್ಲವೋ? ಎರಡಕ್ಕೂ ಅವನ ಡಬ್ಬದಲ್ಲಿ ಒಂದೇ ಉತ್ತರ. ಅಕ್ಕ ಆ ಕೋಣೆಯಲ್ಲಿ ಇದ್ದಿದ್ದರೆ, ಸೋಮವಾರವೇ ಮಷಿನ್ನು ನಿಲ್ಲಿಸಿ, "ಗಂಟೆ ಮೊದ್ಲು ಹೊಡೀತು ಕಣೋ, ನಿನ್ನ ದೀಪ ಆಮೇಲೆ ಬಂತು" ಎಂದುಬಿಡುತ್ತಿದ್ದಳು. ಎಲ್ಲವನ್ನೂ ಅವಳ ಕಿವಿಗೆ ಒಪ್ಪಿಸಿ ಮುಗಿಸಿದವನು, ಅವಳಿಗಾಗಿಯೇ ಕಟ್ಟಿದ ಇದೊಂದನ್ನು ಯಾರ ಕಿವಿಗೂ ಹಾಕದೆ ಮುಗಿಸಿದ್ದ.

ಕ್ಷೌರದವನು ಆಸ್ಪತ್ರೆಗೆ ಮೂರು ಸಲ ಫೋನು ಮಾಡಿದ. ಮೂರು ಸಲವೂ ತುಟಿ ಚೂಪು ಮಾಡಿ "ಟೊಂಯ್ ಟೊಂಯ್" ಎಂದು ತೋರಿಸಿದ. ಎಂಗೇಜು. ನಾಲ್ಕನೆಯ ಸಲದ ಹೊತ್ತಿಗೆ ಒಂಬತ್ತರ ಬಸ್ಸು ಹೋಗಿತ್ತು. ಮುಂದಿನದು ಹನ್ನೊಂದಕ್ಕೆ. ಪುಟ್ಟ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಬಿಸ್ಕತ್ತಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಅದನ್ನು ಯಾಕೆ ತಂದೆನೆಂದು ಅವನಿಗೇ ತಿಳಿದಿರಲಿಲ್ಲ. ತಂತಿಗಳು ಎರಡೂ ಕಡೆಯಿಂದ ಜೋತುಬಿದ್ದಿದ್ದವು. ಪಕ್ಕದಲ್ಲಿ ಕುಳಿತವಳು ಅದನ್ನು ನೋಡಿ ಮಗುವನ್ನು ಈಚೆ ಎಳೆದುಕೊಂಡಳು.

ನಾಲ್ಕು ಗಂಟೆ ಬಸ್ಸು ಓಡಿತು. ಓಡಿತು ಎಂದು ಹೇಳಬೇಕು, ಅಷ್ಟೇ. ಎಲ್ಲ ಕಡೆ ನಿಂತಿತು, ಎಲ್ಲರನ್ನೂ ಹತ್ತಿಸಿಕೊಂಡಿತು. ಪುಟ್ಟ ಮನಸ್ಸಿನಲ್ಲೇ ಹೇಳಬೇಕಾದ ಮಾತನ್ನು ಜೋಡಿಸಿದ, ಬಿಚ್ಚಿದ, ಮತ್ತೆ ಜೋಡಿಸಿದ.

ಮೂರೂಕಾಲಕ್ಕೆ ಗೇಟಿಗೆ ಬಂದ. ಅದೇ ವಾಚ್‌ಮನ್ನು. ಪುಟ್ಟ ಮುಗಿಯಲು ಕೈಯೆತ್ತಿದ. ವಾಚ್‌ಮನ್ನು ಅವನ ಮುಖ ನೋಡಿ, ಬದಿಗೆ ಸರಿದು ದಾರಿ ಬಿಟ್ಟ. ಪುಟ್ಟನಿಗೆ ಅವನು ಅಡ್ಡ ಬಂದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

ಅಕ್ಕನನ್ನು ಕಿಟಕಿಯ ಮಂಚದಿಂದ ನರ್ಸಮ್ಮನ ಮೇಜಿನ ಪಕ್ಕದ ಮಂಚಕ್ಕೆ ಬದಲಾಯಿಸಿದ್ದರು. ಸುತ್ತ ಪರದೆ. ಆಕ್ಸಿಜನ್ನಿನ ಮುಖವಾಡ ಮೂಗಿನಿಂದ ಗಲ್ಲದವರೆಗೆ ಮುಚ್ಚಿತ್ತು. ಕಣ್ಣು ಅರ್ಧ ತೆರೆದಿದ್ದವು, ಏನನ್ನೂ ನೋಡುತ್ತಿರಲಿಲ್ಲ. ಪುಟ್ಟ ಅಭ್ಯಾಸದಂತೆ ಅವಳ ತುಟಿಯ ಕಡೆ ನೋಡಿದ. ತುಟಿ ಇರಬೇಕಾದ ಕಡೆ ಮಂಜು ಕಟ್ಟಿದ ಪ್ಲಾಸ್ಟಿಕ್ಕು. ಮಂಜು ಮೂಡುತ್ತಿತ್ತು, ಕರಗುತ್ತಿತ್ತು.

ನರ್ಸಮ್ಮ ನಡುವಯಸ್ಸಿನವಳು. ಅವನಿಗೆ ಕೇಳದೆಂದು ಗೊತ್ತಿದ್ದುದರಿಂದ ಒಂದು ಚೀಟಿಯ ಹಿಂಬದಿಯಲ್ಲಿ ನಿಂತಲ್ಲೇ ಬರೆದಳು.

"ಸೋಮವಾರ ರಾತ್ರಿ ಜ್ವರ ಏರಿತು. ಮಂಗಳವಾರ ನಾನೇ ಫೋನ್ ಹಿಡಿದು ಎರಡು ರಿಂಗ್ ಕೊಟ್ಟೆ. ಬುಧವಾರವೂ ಕೊಟ್ಟೆ. ಇವತ್ತು ಬಿಡದೆ ಹೊಡೆಸ್ತೀನಿ ಅಂದೆ, ನಿಮ್ಮಕ್ಕ ಬಿಡಲಿಲ್ಲ. ಒಂದೇ ಸಾಕು ಅಂದರು."

ಪುಟ್ಟ ತಲೆಯೆತ್ತಿ, "ಯಾಕೆ?" ಎಂದ.

ಬರೆಯಬೇಕೋ ಬೇಡವೋ ಎಂದು ನರ್ಸಮ್ಮನಿಗೂ ತಿಳಿಯದಿದ್ದುದು ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ಬರೆದಳು.

"'ಅವತ್ತು ನಾನೇ ಬೈದು ಕಳಿಸಿದೆ, ಅದಕ್ಕೇ ಬರ್ತಿಲ್ಲ ಪಾಪ, ನೊಂದ್ಕೊಂಡಿದ್ದಾನೆ. ಒಂದು ಕೊಟ್ಟುಬಿಡಿ, ನೆಮ್ಮದಿಯಾಗಿರ್ಲಿ' ಅಂದರು. ಹತ್ತು ಗಂಟೆ ಹೊತ್ತಿಗೆ ಎಚ್ಚರ ತಪ್ಪಿತು. ಮತ್ತೆ ಬಂದಿಲ್ಲ."

ಪುಟ್ಟ ಚೀಟಿಯನ್ನು ಎರಡು ಸಲ ಓದಿದ. ಸ್ಟೂಲು ಎಳೆದುಕೊಂಡು ಅಕ್ಕನ ತಲೆಯ ಹತ್ತಿರ ಕುಳಿತ. ಡಬ್ಬವನ್ನು ಹಾಸಿಗೆಯ ಅಂಚಿನಲ್ಲಿಟ್ಟು ಮುಚ್ಚಳ ತೆಗೆದ.

"ಅಕ್ಕಾ, ನೊಂದ್ಕೊಂಡಿಲ್ಲ. ನೀನು ಬೈದಿದ್ದು ಯಾವ ದೊಡ್ಡ ವಿಷ್ಯ. ಇಲ್ನೋಡು, ಇದು. ಈ ನೀಲಿದು. ಇದನ್ನ ದೊಡ್ಡದು ಹಾಕ್ಬಿಟ್ಟೆ. ಮೊದಲ್ನೇ ರಿಂಗು ಇದು ತಿಂತಿತ್ತು ಅಕ್ಕಾ. ನೀನು ಎರಡು ಹೊಡೆದ್ರೆ ನಂಗೆ ಒಂದು. ನಂಗೆ ಒಂದೇ ಕಾಣಿಸ್ತು. ನಾನು ಬರ್ದೇ ಇದ್ದಿದ್ದಲ್ಲ."

ಮಂಜು ಮೂಡಿತು, ಕರಗಿತು. ಅವಳಿಗೆ ಕೇಳಿಸುತ್ತಿದೆಯೋ ಇಲ್ಲವೋ ತಿಳಿಯುವ ದಾರಿ ಅವನಿಗಿರಲಿಲ್ಲ. ಯಾವ ಕೋಣೆಯಲ್ಲಾದರೂ ಕೇಳಿಸುವುದನ್ನು ಅವನಿಗೆ ಹೇಳುತ್ತಿದ್ದವಳು ಅವಳೊಬ್ಬಳೇ. ಮುಖವಾಡದೊಳಗೆ ಉಸಿರು ಹೇಗೆ ಸದ್ದು ಮಾಡುತ್ತಿದೆ, ಗೊರಗೊರ ಎನ್ನುತ್ತಿದೆಯೋ, ಗುಂಯ್ ಎನ್ನುತ್ತಿದೆಯೋ, ಅದೂ ಅವನಿಗೆ ಗೊತ್ತಿಲ್ಲ. ಗೊತ್ತಾಗಿದ್ದರೂ ಯಾವ ಭಾಗ ಬದಲಾಯಿಸುವುದು?

"ಎರಡೂ ದಿನ ಬಂದ್ಬಿಡ್ತಿದ್ದೆ ಅಕ್ಕಾ. ಒಂಬತ್ತರ ಬಸ್ಸಿಗೇ ಬಂದ್ಬಿಡ್ತಿದ್ದೆ. ಕಂಡೆನ್ಸರ್ ದೊಡ್ಡದಾಯ್ತು, ಅಷ್ಟೇ. ಚಿಕ್ಕದು ಹಾಕ್ಬೇಕಿತ್ತು."

ಪರದೆ ಅಲುಗಾಡಿತು. ನರ್ಸಮ್ಮ ಓಡಿ ಬಂದಿದ್ದಳು. ಅವಳ ಹಿಂದೆ ಮಂಚಗಳ ಮೇಲೆ ಹೆಂಗಸರು ಎದ್ದು ಕುಳಿತು ಇತ್ತ ನೋಡುತ್ತಿದ್ದರು. ಈ ಸಲ ಯಾರೂ ನಗುತ್ತಿರಲಿಲ್ಲ. ಹಾಗಾದರೆ ತಾನು ಕೂಗುತ್ತಿದ್ದೇನೆ ಎಂದು ಪುಟ್ಟನಿಗೆ ತಿಳಿಯಿತು. ಎಷ್ಟು ಜೋರಾಗಿ ಎಂದು ತಿಳಿಯಲಿಲ್ಲ.

ಅವನು ಅಕ್ಕನ ಬಲಗೈ ನೋಡಿದ. ಬಿಳಿ ಹೊದಿಕೆಯ ಮೇಲೆ, ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಹೆಬ್ಬೆರಳು, ಅದರ ಪಕ್ಕದಲ್ಲಿ ತೋರುಬೆರಳು. ಒಂದಿಷ್ಟು ಎಡಕ್ಕೆ ತಿರುಗಿಸಿದರೆ ಸಾಕು, ಅವನು ಸುಮ್ಮನಾಗುತ್ತಿದ್ದ. ಅಷ್ಟು ತಿರುಗಿದರೆ ಅವಳಿಗೆ ಎಲ್ಲ ಕೇಳಿಸಿದೆ ಎಂದೂ ಆಗುತ್ತಿತ್ತು.

ನರ್ಸಮ್ಮ ಅವನ ಹೆಗಲ ಮೇಲೆ ಕೈಯಿಟ್ಟಳು. ಬೆರಳು ಅಲ್ಲಾಡಲಿಲ್ಲ. ಪುಟ್ಟ ಅವುಗಳಿಂದ ಕಣ್ಣು ಕೀಳದೆ, ಮೊದಲನೆಯ ರಿಂಗಿನಿಂದ ಎಲ್ಲವನ್ನೂ ಮತ್ತೊಂದು ಸಲ, ಇನ್ನೂ ಜೋರಾಗಿ ಹೇಳತೊಡಗಿದ.